ಥಾರ್ ಖಾಲಿ ಜಾಗ ಅಲ್ಲ ಮಾರಾಯ್ರೆ

ನಮಸ್ಕಾರ. ಜೈಸಲ್ಮೇರ್‌ಗೆ ಹೋಗಿ ಬಂದೆ ಅಂದ ಕೂಡಲೇ ಮಂಗಳೂರಿನಲ್ಲಿ ಎಲ್ಲರೂ ಕೇಳಿದ್ದು ಒಂದೇ. ಅಲ್ಲಿ ನೋಡಲಿಕ್ಕೆ ಎಂತ ಉಂಟು, ಬರೀ ಮರಳು ಅಲ್ವಾ? ಬೇಜಾರಿಲ್ಲ, ಕೇಳಿ. ಆದರೆ ಸರ್ಕಾರದ ಕಂದಾಯ ದಾಖಲೆಯ ಅಭಿಪ್ರಾಯವೂ ಹೆಚ್ಚುಕಡಿಮೆ ಇದೇ, ಮತ್ತು ಇವತ್ತು ಥಾರ್ ಮರುಭೂಮಿಯನ್ನು ಹಾಳು ಮಾಡುತ್ತಿರುವುದು ಈ ಅಭಿಪ್ರಾಯವೇ ಅಂತ ನಾನು ಹೇಳುತ್ತೇನೆ.

ಮಂಗಳೂರು ಜಂಕ್ಷನ್‌ನಲ್ಲಿ ಮರುಸಾಗರ್ ಎಕ್ಸ್‌ಪ್ರೆಸ್ ಹತ್ತಿದರೆ ಅಜ್ಮೀರ್ ತನಕ ನೇರ ಹೋಗಬಹುದು. ಅಲ್ಲಿಂದ ಜೋಧಪುರ, ಪೋಖ್ರಣ್, ಜೈಸಲ್ಮೇರ್. ಫೋಟೋದಲ್ಲಿ ಕಾಣುವ ಆ ಮರಳಿನ ದಿಬ್ಬ ಸಿಗುವುದು ಜೈಸಲ್ಮೇರ್ ದಾಟಿ ಸುಮಾರು 40 ಕಿ.ಮೀ. ಆಚೆ, ಸಮ್ ಎಂಬಲ್ಲಿ. ಅಲ್ಲಿಗೆ ಹೋಗುವ ದಾರಿಯಲ್ಲಿ ಸಿಗುವುದು ಜಾಸ್ತಿ ಕಲ್ಲುನೆಲ, ಕುರುಚಲು ಗಿಡ, ಗುತ್ತಿಗುತ್ತಿಯಾಗಿ ನಿಂತ ಸೇವಣ್ ಹುಲ್ಲು. ಒಣಗಿ ಬೂದಿ ಬಣ್ಣಕ್ಕೆ ತಿರುಗಿದ ಹುಲ್ಲು ಅದು, ಸತ್ತೇ ಹೋಗಿದೆ ಅನ್ನಿಸುತ್ತದೆ, ಒಂದು ಮಳೆ ಬಿದ್ದರೆ ಬುಡದಿಂದ ಮತ್ತೆ ಚಿಗುರುತ್ತದೆ. ನಡುವೆ ಅಲ್ಲಲ್ಲಿ ಖೇಜ್ರಿ ಮರ. ವಿಜಯದಶಮಿಗೆ ನಾವು ಪೂಜೆ ಮಾಡುವ ಬನ್ನಿ ಮರವೇ ಇದು. ಇದರ ಕೋಡು ಒಣಗಿಸಿದರೆ ಸಾಂಗ್ರಿ. ಕೇರ್ ಎಂಬ ಕಾಯಿಯ ಜೊತೆ ಸೇರಿಸಿ ಎಣ್ಣೆ, ಮೆಣಸು ಹಾಕಿ ಪಲ್ಯ ಮಾಡುತ್ತಾರೆ, ಬಾಜ್ರಾ ರೊಟ್ಟಿಗೆ ಅದ್ಭುತ. ಮೀನಿಲ್ಲದೆ ಇದ್ದೆ, ದೂರು ಇಲ್ಲ.

ಮನೆ ಎದುರು ನೆಲದೊಳಗೆ ಟಾಂಕಾ ಇರುತ್ತದೆ. ಸುತ್ತಲಿನ ಅಂಗಳ ಗಾರೆ ಮಾಡಿ ನಡುವಿಗೆ ಇಳಿಜಾರು ಕೊಟ್ಟಿರುತ್ತಾರೆ, ಬಿದ್ದ ಮಳೆ ಹರಿದು ಒಳಗೆ ಹೋಗಬೇಕು. ಮೇಲೆ ಕಬ್ಬಿಣದ ಮುಚ್ಚಳ, ಅದಕ್ಕೆ ಬೀಗ! ಹೌದು, ನೀರಿಗೆ ಬೀಗ. ಜೈಸಲ್ಮೇರ್‌ನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 200 ಮಿ.ಮೀ. ಮಳೆ. ಜುಲೈಯಲ್ಲಿ ನಮ್ಮಲ್ಲಿ ಎರಡು ದಿನಕ್ಕೇ ಅಷ್ಟು ಹೊಯ್ಯುವುದುಂಟು. ಆದರೂ 2019ರ ಬೇಸಿಗೆಯಲ್ಲಿ ತುಂಬೆ ಡ್ಯಾಮ್‌ನ ನೀರು ಇಳಿದು ಮಂಗಳೂರಿಗೆ ರೇಷನಿಂಗ್, ಬಜೆ ಡ್ಯಾಮ್ ಒಣಗಿ ಉಡುಪಿಯಲ್ಲಿ ಟ್ಯಾಂಕರ್. ಮರುಭೂಮಿಯವರಿಗೆ ಬುದ್ಧಿ ಹೇಳಲಿಕ್ಕೆ ನಾವು ಯಾರು?

ಈಗ ವಿಷಯಕ್ಕೆ ಬರೋಣ. ಅಲ್ಲಿ ಓರಣ್ ಅಂತ ಇದೆ, ದೇವರ ಹೆಸರಲ್ಲಿ ಬಿಟ್ಟ ಕಾಡು ಮತ್ತು ಹುಲ್ಲುಗಾವಲು. ಕೊಡಲಿ ಹಾಕುವಂತಿಲ್ಲ, ಮೇಯಿಸಬಹುದು. ತಲೆತಲಾಂತರದಿಂದ ಒಂಟೆ, ದನ, ಕುರಿ ಬದುಕಿದ್ದು ಇದರಲ್ಲೇ. ನಮ್ಮ ಕುಮ್ಕಿ ಜಾಗ ಉಂಟಲ್ಲ, ದಾಖಲೆಯಲ್ಲಿ ಸರ್ಕಾರದ್ದು, ಆದರೆ ಸೊಪ್ಪು, ಸೌದೆ, ಹುಲ್ಲು ಪಕ್ಕದ ವರ್ಗ ಜಾಗದವರಿಗೆ, ಅಂದರೆ ಪಟ್ಟಾ ಇರುವವರಿಗೆ, ಓರಣ್‌ನ ಕಥೆಯೂ ಹಾಗೆಯೇ. ಊರಿಡೀ ಅದನ್ನು ದೇವರ ಜಾಗ ಅನ್ನುತ್ತದೆ, ಕಾಗದದಲ್ಲಿ ಮಾತ್ರ ಎಷ್ಟೋ ಕಡೆ ಪಾಳುಭೂಮಿ ಅಂತ ಬರೆದಿದೆ. ಪಾಳು ಅಂತ ಬರೆದ ಮೇಲೆ ಯಾರಿಗೆ ಬೇಕಾದರೂ ಕೊಡಬಹುದು ನೋಡಿ. ಜೈಸಲ್ಮೇರ್‌ನ ದೇಗರಾಯ್ ಓರಣ್‌ನ ಹಾಗಿನ ಕಡೆ ಊರವರು ಪಾದಯಾತ್ರೆ ಮಾಡಿ, ಕೋರ್ಟಿಗೆ ಹೋಗಿ ಒದ್ದಾಡಿದ್ದು ಇದಕ್ಕೇ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜಸ್ಥಾನದ ಓರಣ್‌ಗಳನ್ನೆಲ್ಲ ಗುರುತಿಸಿ ಅರಣ್ಯ ಅಂತ ಘೋಷಿಸಿ ಎಂದಿತು. ಒಳ್ಳೆಯದೇ. ಆದರೆ ಅರಣ್ಯ ಇಲಾಖೆ ಬಂದು ಬೇಲಿ ಹಾಕಿ, ಒಂಟೆ ಬಿಡಬೇಡಿ ಅಂದರೆ ಏನು ಮಾಡುವುದು ಅಂತ ಈಗ ಅಲ್ಲಿನವರಿಗೆ ಹೊಸ ಚಿಂತೆ. ಕಾದವರೇ ಹೊರಗೆ ನಿಲ್ಲುವ ಹಾಗಾಗಬಾರದಲ್ವಾ.

ಆ ಜಾಗ ಹೋಗುತ್ತಿರುವುದು ಹೆಚ್ಚಾಗಿ ಸೋಲಾರ್‌ಗೆ ಮತ್ತು ಗಾಳಿಯಂತ್ರಕ್ಕೆ. ಭಡ್ಲಾ ಸೋಲಾರ್ ಪಾರ್ಕ್ ಒಂದೇ ಸುಮಾರು 14,000 ಎಕರೆ, 2,245 ಮೆಗಾವಾಟ್. ಸೋಲಾರ್ ಬೇಡ ಅಂತ ನಾನು ಹೇಳುತ್ತಿಲ್ಲ, ಸುಮ್ನೆ ಕಮೆಂಟಲ್ಲಿ ಜಗಳಕ್ಕೆ ಬರಬೇಡಿ. ಕಲ್ಲಿದ್ದಲು ಸುಟ್ಟರೆ ಏನಾಗುತ್ತದೆ ಅಂತ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹತ್ತಿರ ಇರುವ ಪಡುಬಿದ್ರಿ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ನನ್ನ ತಕರಾರು ಜಾಗ ಆರಿಸುವ ರೀತಿಯ ಬಗ್ಗೆ. ಬಿಸಿಲು ದೇಶವಿಡೀ ಇದೆ, ಆದರೆ ಸಾವಿರ ಎಕರೆ ಒಟ್ಟಿಗೆ ಬೇಕು ಅಂದಾಗ ಕಣ್ಣು ಹೋಗುವುದು ಪಾಳು ಅಂತ ಬರೆದ ಕಡೆಗೇ. ಬಿಕಾನೇರ್ ಕಡೆ ಅದಕ್ಕಾಗಿ ಖೇಜ್ರಿ ಕಡಿಯುತ್ತಿದ್ದಾರೆ, ಜನ ಧರಣಿ ಕೂರುತ್ತಿದ್ದಾರೆ. 1730ರಲ್ಲಿ ಜೋಧಪುರದ ಹತ್ತಿರ ಖೇಜರ್ಲಿಯಲ್ಲಿ ಅಮೃತಾದೇವಿ ಮತ್ತು ಅವರ ಜೊತೆಗೆ ಒಟ್ಟು 363 ಬಿಷ್ಣೋಯಿ ಪಂಥದವರು ಪ್ರಾಣ ಕೊಟ್ಟದ್ದು ಇದೇ ಮರ ಕಡಿಯುವುದನ್ನು ತಡೆಯಲಿಕ್ಕೆ.

ಮತ್ತೆ ಈ ಕರೆಂಟ್ ಒಯ್ಯುವ ತಂತಿ. ಎರೆಭೂತ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಗೊತ್ತಲ್ಲ, ಅಲ್ಲಿಯವರು ಗೋಡಾವಣ್ ಅನ್ನುತ್ತಾರೆ. ನಮ್ಮ ರಾಜ್ಯದ ಸಿರುಗುಪ್ಪದಲ್ಲೂ ಬೆರಳೆಣಿಕೆಯಷ್ಟು ಇತ್ತು. ದೇಶದಲ್ಲಿ ಉಳಿದಿರುವುದು ಸುಮಾರು 150, ಅದರಲ್ಲಿ ಹೆಚ್ಚಿನವು ಥಾರ್‌ನಲ್ಲಿ. ಗಂಡು 15 ಕೆ.ಜಿ. ತನಕ ತೂಗುತ್ತದೆ, ಅಷ್ಟು ಭಾರ ಹೊತ್ತು ಹಾರುವಾಗ ತಟ್ಟನೆ ತಿರುಗಲಿಕ್ಕೆ ಆಗುವುದಿಲ್ಲ. ಕಣ್ಣು ತಲೆಯ ಬದಿಗಿರುವುದರಿಂದ ಎದುರಿನ ತಂತಿ ಸರಿಯಾಗಿ ಕಾಣುವುದೂ ಇಲ್ಲ. ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ, ಅದೂ ಬರೀ ನೆಲದ ಮೇಲೆ, ನಾಯಿ ನರಿ ಬಿಟ್ಟರೆ ಉಂಟು. ಹೀಗಿರುವಾಗ ಒಂದು ಹಕ್ಕಿ ತಂತಿಗೆ ಬಡಿದು ಸತ್ತರೂ ಲೆಕ್ಕ ತಪ್ಪುತ್ತದೆ. 2021ರಲ್ಲಿ ಸುಪ್ರೀಂ ಕೋರ್ಟ್ ಲೈನ್‌ಗಳನ್ನು ನೆಲದಡಿ ಹಾಕಿ ಎಂದಿತು, ಅಷ್ಟು ವಿಸ್ತಾರಕ್ಕೆ ಅದು ಆಗುವುದಿಲ್ಲ ಅಂತ ಸರ್ಕಾರ ಹೇಳಿತು, 2024ರಲ್ಲಿ ಕೋರ್ಟೇ ಆದೇಶ ಸಡಿಲಿಸಿ ಸಮಿತಿ ಮಾಡಿತು. ಅಷ್ಟರಲ್ಲಿ ಕಂಬಗಳು ಎದ್ದೇ ಎದ್ದವು.

ಉಡುಪಿ–ಕಾಸರಗೋಡು 400 ಕೆ.ವಿ. ಲೈನ್ ವಿಷಯದಲ್ಲಿ ನಮ್ಮ ಕೃಷಿಕರು, ನಮ್ಮನ್ನು ಕೇಳದೆ ತೋಟದ ಮೇಲೆ ಹೇಗೆ ಎಳೆಯುತ್ತೀರಿ ಅಂತ ರಸ್ತೆಗಿಳಿದರು. ಸರಿಯಾದ ಪ್ರಶ್ನೆ. ಅಡಿಕೆ ಮರಕ್ಕೆ ಪಹಣಿ ಇದೆ, ಮಾಲಕರಿದ್ದಾರೆ. ಸೇವಣ್ ಹುಲ್ಲಿಗೆ ಪಹಣಿ ಯಾರು ಕೊಡುತ್ತಾರೆ? ಅದೇ ಪ್ರಶ್ನೆ ಒಂಟೆ ಮೇಯಿಸುವವನು ಕೇಳಿದರೆ ಮಾತ್ರ ನಮಗೆ ಅಭಿವೃದ್ಧಿ ವಿರೋಧಿಯಾಗಿ ಕಾಣುತ್ತಾನೆ.

ಒಂಟೆಯ ಲೆಕ್ಕವೂ ಹೇಳಿಬಿಡುತ್ತೇನೆ. ಜಾನುವಾರು ಗಣತಿ ಪ್ರಕಾರ ರಾಜಸ್ಥಾನದಲ್ಲಿ 2012ರಲ್ಲಿ 3.26 ಲಕ್ಷ ಇತ್ತು, 2019ಕ್ಕೆ 2.13 ಲಕ್ಷ. ಮೇವಿನ ಜಾಗ ಕಡಿಮೆಯಾಯಿತು, ಕೆಲಸ ಟ್ರ್ಯಾಕ್ಟರ್‌ಗೆ ಹೋಯಿತು. 2015ರ ಕಾಯ್ದೆ ಕೊಲ್ಲುವುದನ್ನೂ ಪರವಾನಗಿ ಇಲ್ಲದೆ ಹೊರ ರಾಜ್ಯಕ್ಕೆ ಸಾಗಿಸುವುದನ್ನೂ ತಡೆಯಿತು, ಉದ್ದೇಶ ಒಳ್ಳೆಯದಿತ್ತು, ಆದರೆ ಸಂತೆಯಲ್ಲಿ ಗಂಡು ಒಂಟೆ ಕೇಳುವವರೇ ಇಲ್ಲದ ಹಾಗಾಯಿತು.

ಇನ್ನು ನಾವು ಪ್ರವಾಸಿಗರು. ಸಮ್‌ನಲ್ಲಿ ಸಂಜೆಯಾದರೆ ಜೀಪು ಹತ್ತಿಸಿ ದಿಬ್ಬದ ಮೇಲೆ ಹಾರಿಸುತ್ತಾರೆ, ರಾತ್ರಿ ಕ್ಯಾಂಪಿನಲ್ಲಿ ಡಿಜೆ, ಬೆಳಿಗ್ಗೆ ಮರಳಲ್ಲಿ ಚಿಪ್ಸ್ ಪ್ಯಾಕೆಟ್. ಪಕ್ಕದಲ್ಲೇ 3,162 ಚದರ ಕಿ.ಮೀ.ಯ ಮರುಭೂಮಿ ರಾಷ್ಟ್ರೀಯ ಉದ್ಯಾನ ಇದೆ ಅಂತ ಆ ಸದ್ದಿಗೆ ಗೊತ್ತಿಲ್ಲ. ಹೋಗುವುದಾದರೆ ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ಡಿಜೆ ಇಲ್ಲದ ಹಳ್ಳಿ ಮನೆಯಲ್ಲಿ ಉಳಿಯಿರಿ, ಊರಿನವರನ್ನೇ ಜೊತೆಗೆ ಕರೆದುಕೊಂಡು ಒಂದು ಓರಣ್ ನೋಡಿ. ಜೀಪು ಬೇಡ, ಒಂಟೆ ಸಾಕು ಅನ್ನಿ. ಕ್ಯಾಂಪಿನವನಿಗೆ ಸ್ವಲ್ಪ ಸಿಟ್ಟು ಬರಬಹುದು. ಬರಲಿ.