ಮರಿ ಬೇಡ, ದೊಡ್ಡ ಬೆಕ್ಕೇ ಇರಲಿ

ಕೇಳುಗರಿಗೆಲ್ಲ ನಮಸ್ಕಾರ.

ಪ್ರಾಣಿಗಳ ಶೆಲ್ಟರ್‌ಗೆ ಫೋನು ಮಾಡುವವರು ಸಾಮಾನ್ಯವಾಗಿ ಮೊದಲು ಕೇಳುವುದು, ‘ಬೆಕ್ಕಿನ ಮರಿ ಇದೆಯಾ?’ ಅಂತ. ಆಮೇಲೆ, ‘ಬಿಳೀದು ಇದೆಯಾ?’ ದೊಡ್ಡ ಬೆಕ್ಕು ಕೊಡಿ ಎನ್ನುವವರು ಅಪರೂಪ. ಹಾಗಾಗಿ ಮುದ್ದು ಮರಿಗಳು ಬೇಗ ಮನೆ ಸೇರುತ್ತವೆ. ಎರಡು ಮೂರು ವರ್ಷದ, ಬೂದು ಪಟ್ಟೆಯ, ಬಾಲದ ತುದಿ ಸೊಟ್ಟಗಿರುವ ಬೆಕ್ಕು ಮಾತ್ರ ಬಂದವರ ಕಾಲಿಗೆಲ್ಲ ಮೈ ಉಜ್ಜುತ್ತ ಅಲ್ಲೇ ಉಳಿಯುತ್ತದೆ. ಇವತ್ತು ಆ ಬೆಕ್ಕಿನ ಪರವಾಗಿ ನನ್ನ ವಕಾಲತ್ತು.

ಬೀದಿಯಿಂದ ಹಿಡಿದು ತಂದ ಬೆಕ್ಕು ಗುರುತಿಲ್ಲದವರ ಮಡಿಲೇರಿ ಕೂರುತ್ತದಲ್ಲ, ಅದು ಹೇಗೆ? ಬೆಕ್ಕಿನ ಮರಿ ಮನುಷ್ಯರನ್ನು ನಂಬಲು ಕಲಿಯುವುದು ಬಹುಮಟ್ಟಿಗೆ ಹುಟ್ಟಿದ ಎರಡರಿಂದ ಏಳನೇ ವಾರದೊಳಗೆ. ಆಗ ನಮ್ಮ ಕೈ ಸೋಕದೆ, ನಮ್ಮ ದನಿ ಕೇಳದೆ ಚರಂಡಿ ಬದಿಯಲ್ಲೋ ಗೋದಾಮಿನಲ್ಲೋ ಬೆಳೆದ ಮರಿ ದೊಡ್ಡದಾದ ಮೇಲೆ ನಮ್ಮನ್ನು ಕಂಡರೆ ಓಡುತ್ತದೆ. ಒಲಿಸಿಕೊಳ್ಳಲು ಆಗುವುದೇ ಇಲ್ಲ ಎಂದಲ್ಲ, ಬಹಳ ಕಷ್ಟ. ಅಂದಮೇಲೆ ಕರೆದ ಕೂಡಲೇ ಬಾಲ ನೆಟ್ಟಗೆ ಮಾಡಿಕೊಂಡು ಬರುವ ಬೀದಿ ಬೆಕ್ಕನ್ನು ಚಿಕ್ಕಂದಿನಲ್ಲಿ ಯಾರೋ ಎತ್ತಿ ಆಡಿಸಿದ್ದಾರೆ. ಬಹುಶಃ ಸಾಕಿಯೇ ಇದ್ದರು, ಆಮೇಲೆ ಬಿಟ್ಟರು.

ಬಿಡುವುದಕ್ಕೆ ನಮ್ಮಲ್ಲಿ ಕಾರಣಗಳಿಗೆ ಬರವಿಲ್ಲ. ಬಾಡಿಗೆ ಮನೆ ಬದಲಾಯಿತು, ಮಾಲೀಕರು ಒಪ್ಪಲಿಲ್ಲ, ಮಗಳ ಮದುವೆಯಾಯಿತು. ಊರಲ್ಲಿ ಗೋಣಿಚೀಲಕ್ಕೆ ತುಂಬಿ ಹೊಳೆಯಾಚೆ ಬಿಟ್ಟು ಬರುತ್ತಿದ್ದರು. ಪಟ್ಟಣದಲ್ಲಿ ರಟ್ಟಿನ ಡಬ್ಬಿಯಲ್ಲಿಟ್ಟು ರಾತ್ರೋರಾತ್ರಿ ಶೆಲ್ಟರ್ ಗೇಟಿನ ಮುಂದೆ ಇಟ್ಟು ಹೋಗುತ್ತಾರೆ, ಅಷ್ಟೇ ವ್ಯತ್ಯಾಸ. ಮನೆಯಲ್ಲಿ ಗರ್ಭಿಣಿ ಇದ್ದಾರೆ ಎಂಬುದೂ ಒಂದು ಕಾರಣ. ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಬೆಕ್ಕಿನ ಮಲದಿಂದ ಹರಡಬಹುದು, ಅದು ನಿಜ. ಆದರೆ ಮಲ ಹೊರಬಿದ್ದು ಕನಿಷ್ಠ ಒಂದು ದಿನ ಕಳೆಯದೆ ಅದು ಸೋಂಕು ತಗಲಿಸುವ ಸ್ಥಿತಿಗೆ ಬರುವುದಿಲ್ಲ. ಬೆಕ್ಕು ಕಕ್ಕಸಿಗೆ ಹೋಗುವ ಮರಳಿನ ತಟ್ಟೆಯನ್ನು ಮನೆಯಲ್ಲಿ ಬೇರೆಯವರು ದಿನವೂ ತೆಗೆದರೆ ಅಪಾಯ ಬಹಳ ಕಡಿಮೆಯಾಗುತ್ತದೆ. ಅರೆಬೆಂದ ಮಾಂಸದಿಂದ, ಸರಿಯಾಗಿ ತೊಳೆಯದ ಸೊಪ್ಪಿನಿಂದಲೂ ಅದೇ ಸೋಂಕು ಬರುತ್ತದೆ. ಆದರೂ ಮನೆ ಬಿಡಬೇಕಾದ್ದು ಬೆಕ್ಕೇ! ಆ ತಟ್ಟೆ ತೆಗೆಯುವ ಕೆಲಸಕ್ಕೆ ಗಂಡಸರು ಕೈ ಹಾಕಿದ್ದರೆ ಎಷ್ಟೋ ಬೆಕ್ಕುಗಳು ಮನೆಯಲ್ಲೇ ಉಳಿಯುತ್ತಿದ್ದವು ಅಂತ ನನ್ನ ಗುಮಾನಿ.

ಹೀಗೆ ಬಿಟ್ಟವರ ಲೆಕ್ಕ ತುಂಬಿಕೊಡುವವರೂ ಇದ್ದಾರೆ. ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಮಹಿಳೆ ಜೈಪುರದಲ್ಲಿ ಪ್ರಾಣಿಗಳಿಗೊಂದು ಆಸರೆ ಕಟ್ಟಿ, ಇಳಿವಯಸ್ಸಿನಲ್ಲಿ ಬೆಂಗಳೂರಿಗೆ ಬಂದು 1991ರಲ್ಲಿ ಕ್ಯೂಪಾ ಎಂಬ ಪ್ರಾಣಿದಯಾ ಸಂಸ್ಥೆ ಶುರುಮಾಡಿದರು. ವಿಶ್ರಾಂತಿಗೆಂದು ಜನ ಬೆಂಗಳೂರಿಗೆ ಬರುತ್ತಿದ್ದ ಕಾಲ ಅದು. ಈಗ ನಗರದಲ್ಲಿ ಇಂಥ ಹಲವು ಸಂಸ್ಥೆಗಳಿವೆ, ತಮ್ಮ ಮನೆಯ ಒಂದು ಕೋಣೆಯನ್ನೇ ಬೆಕ್ಕುಗಳಿಗೆ ಬಿಟ್ಟುಕೊಟ್ಟ ಗೃಹಿಣಿಯರೂ ಇದ್ದಾರೆ.

ಅಂಥ ಕಡೆ ಹೋದಾಗ ನಿಂತು ನೋಡಬೇಡಿ, ನೆಲದ ಮೇಲೆ ಕೂತುಬಿಡಿ. ನಾನು ಹಾಗೆ ಕೂತಿದ್ದಾಗ ಕೆನ್ನೆ ಉಬ್ಬಿದ, ಕಿವಿ ಹರಿದ ಗಡವ ಬೆಕ್ಕೊಂದು ಮೂಲೆಯಿಂದ ಎದ್ದು, ಮೈ ಮುರಿದು, ನಿಧಾನಕ್ಕೆ ನಡೆದು ಬಂದು ನನ್ನ ಮೊಣಕಾಲಿಗೆ ಹಣೆಯಿಂದ ಒಂದು ಗುದ್ದು ಕೊಟ್ಟಿತು. ಆಮೇಲೆ ಕೆನ್ನೆ ಉಜ್ಜಿತು, ಈ ಕಡೆಯದು, ಆ ಕಡೆಯದು. ಕೊನೆಗೆ ನನ್ನ ಸೆರಗಿನ ಮೇಲೆ ಕೂತು, ಒಂದೊಂದೇ ಕಾಲೂರಿ ಬಟ್ಟೆಯನ್ನು ನಾದತೊಡಗಿತು. ಬೆಕ್ಕಿನ ಕೆನ್ನೆಯಲ್ಲಿ, ಹಣೆಯಲ್ಲಿ ವಾಸನೆಯ ಗ್ರಂಥಿಗಳಿವೆ. ಉಜ್ಜಿದ ಕಡೆಯಲ್ಲೆಲ್ಲ ತನ್ನ ಗುರುತು ಹಚ್ಚುತ್ತದೆ. ಇನ್ನು ಈ ನಾದುವುದು, ಮರಿಯಾಗಿದ್ದಾಗ ಹಾಲು ಸುರಿಯಲೆಂದು ತಾಯಿಯ ಹೊಟ್ಟೆ ಒತ್ತುತ್ತಿದ್ದ ಅಭ್ಯಾಸ. ಆರು ಕೆ.ಜಿ. ತೂಗುವ ಆ ರೌಡಿ ಅದನ್ನಿನ್ನೂ ಬಿಟ್ಟಿರಲಿಲ್ಲ. ಸೀರೆಯ ಎಳೆ ಕಿತ್ತು ಬಂತು, ಇರಲಿ. ಗುಂಡ ಎಂಬ ಹೆಸರು ಅಲ್ಲೇ ಬಿತ್ತು.

ನಮಗೂ ಒಂದು ಪ್ರತಿನಮಸ್ಕಾರ ಇದೆ. ಬೆಕ್ಕನ್ನು ದುರುಗುಟ್ಟಿ ನೋಡದೆ, ಕಣ್ಣನ್ನು ಅರೆ ಮುಚ್ಚಿ ನಿಧಾನವಾಗಿ ತೆರೆಯಿರಿ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. ಹಾಗೆ ಕಣ್ಣು ಮಿಟುಕಿಸಿದವರಿಗೆ ಬೆಕ್ಕುಗಳೂ ಹೆಚ್ಚಾಗಿ ಕಣ್ಣು ಮಿಟುಕಿಸಿದವು, ಗುರುತಿಲ್ಲದವರಾದರೂ ಅವರ ಕೈ ಬಳಿ ಹೋಗಲು ಹೆಚ್ಚು ಮನಸ್ಸು ಮಾಡಿದವು.

ಶೆಲ್ಟರ್‌ನಲ್ಲಿ ಮಡಿಲೇರಿದ ಬೆಕ್ಕು ನಿಮ್ಮ ಮನೆಗೆ ಬಂದ ದಿನ ಮಂಚದಡಿ ಸೇರಿದರೆ ‘ಮೋಸ ಹೋದೆವು’ ಎನ್ನಬೇಡಿ. ಜಾಗದ ವಾಸನೆ ಬದಲಾದರೆ ಬೆಕ್ಕಿಗೆ ಲೋಕವೇ ಬದಲಾದ ಹಾಗೆ. ಒಂದೇ ಕೋಣೆ ಕೊಡಿ, ನೀರು ಊಟ ಒಂದು ಮೂಲೆಗಿರಲಿ, ಮರಳಿನ ತಟ್ಟೆ ಎದುರು ಮೂಲೆಗೆ. ಊಟದ ಪಕ್ಕದಲ್ಲೇ ಕಕ್ಕಸು ಯಾರಿಗೆ ಬೇಕು? ಎಳೆದು ತೆಗೆಯುವುದು ಬೇಡ, ನೆಂಟರಿಷ್ಟರನ್ನು ಕರೆದು ತೋರಿಸುವುದೂ ಬೇಡ. ರಾತ್ರಿ ದೀಪ ಆರಿದ ಮೇಲೆ ತಾನೇ ಹೊರಬಂದು ಮನೆ ಅಳೆಯುತ್ತದೆ.

ಇನ್ನು ಊಟದ ಮಾತು. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಎಲ್ಲರಿಗೂ ಗೊತ್ತು. ಬಿಸಿ ಹಾಲಿಟ್ಟು ಅದರ ಬಾಯಿ ಸುಟ್ಟ, ಆಮೇಲೆ ಅದು ಹಾಲು ಕಂಡರೆ ಓಡುತ್ತಿತ್ತು. ನನ್ನನ್ನು ಕೇಳಿದರೆ ಆ ಬೆಕ್ಕು ಬಡಕಲಾದದ್ದು ಹಾಲಿಲ್ಲದೆ ಅಲ್ಲ, ಬೇರೇನೂ ಹಾಕದೆ. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವಾಗುವುದಿಲ್ಲ, ಹೊಟ್ಟೆ ಕೆಡುತ್ತದೆ. ‘ನಮ್ಮ ಅಜ್ಜಿ ಮನೆ ಬೆಕ್ಕು ಮೊಸರನ್ನ ತಿಂದೇ ಬದುಕಿತ್ತಲ್ಲ’ ಎನ್ನುವವರಿದ್ದಾರೆ. ಅದು ಬದುಕಿದ್ದು ಅಟ್ಟದ ಇಲಿಯಿಂದ, ಹಿತ್ತಲ ಓತಿಕ್ಯಾತದಿಂದ. ಮೊಸರನ್ನ ಬರೀ ಮೇಲೋಗರ! ನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ ಇಲಿ ಎಲ್ಲಿಂದ ಬರಬೇಕು? ಬೆಕ್ಕಿಗೆ ಟಾರಿನ್ ಎಂಬ ಪೋಷಕಾಂಶ ಬೇಕೇ ಬೇಕು, ಸಾಕಷ್ಟು ಸಿಗುವುದು ಮಾಂಸ ಮೀನುಗಳಲ್ಲಿ. ಅದು ಕಡಿಮೆಯಾದರೆ ಕಣ್ಣು ಹೋಗುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ. ಹೃದಯದ ಸಂಗತಿಯನ್ನು ಕ್ಯಾಲಿಫೋರ್ನಿಯಾದ ಪಶುವೈದ್ಯರು ತೋರಿಸಿಕೊಟ್ಟದ್ದು 1987ರಲ್ಲಿ. ಆಮೇಲೆ ಪ್ಯಾಕೆಟ್ ಆಹಾರಗಳಲ್ಲೂ ಟಾರಿನ್ ಪ್ರಮಾಣ ಹೆಚ್ಚಿಸಿದರು. ಅಡುಗೆಮನೆಗೆ ಮಾಂಸ ಬರಕೂಡದು ಎನ್ನುವ ಮನೆಯವರು ಬಾಲ್ಕನಿಯಲ್ಲಿ ಬೇರೆ ತಟ್ಟೆಯಿಟ್ಟು ಬೆಕ್ಕಿನ ಪ್ಯಾಕೆಟ್ ಆಹಾರವನ್ನೇ ಹಾಕಬಹುದು. ಬೆಕ್ಕಿನ ಬಿಡಾರ ಬೇರೆ ಅಂತ ಗಾದೆಯೇ ಇದೆಯಲ್ಲ. ಅದೂ ಆಗದು ಎಂದರೆ ಮೊಲ ಸಾಕಿ, ಬೆಕ್ಕು ಬೇಡ.

ಜ್ವರ ಬಂದಿದೆ ಎಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಪುಡಿ ಮಾಡಿ ಕೊಟ್ಟೀರಿ, ಜೋಕೆ. ಬೆಕ್ಕಿಗೆ ಅದು ವಿಷ, ಒಂದು ಮಾತ್ರೆ ಸಾಕು ಜೀವ ತೆಗೆಯಲು. ಗಂಡು ಬೆಕ್ಕು ಮತ್ತೆ ಮತ್ತೆ ಮರಳಿನ ತಟ್ಟೆಗೆ ಹೋಗಿ ತಿಣುಕುತ್ತಿದ್ದು ಉಚ್ಚೆ ಬಾರದಿದ್ದರೆ ಬೆಳಗಾಗಲಿ ಎಂದು ಕಾಯದೆ ಆಗಲೇ ಡಾಕ್ಟರ ಬಳಿ ಓಡಬೇಕು.

ತರುವಾಗ ಲಸಿಕೆಯ ಕಾರ್ಡು ಕೇಳಿ ಪಡೆಯಿರಿ. ರೇಬಿಸ್‌ದು ಇರಲೇಬೇಕು. ಸಂತಾನಹರಣದ ಆಪರೇಶನ್ ಆಗಿದೆಯೇ ಕೇಳಿ, ಆಗಿರದಿದ್ದರೆ ಮಾಡಿಸುತ್ತೇವೆಂದು ಸಾಮಾನ್ಯವಾಗಿ ಬರೆಸಿಕೊಳ್ಳುತ್ತಾರೆ. ಹೆಣ್ಣು ಮರಿ ನಾಲ್ಕೈದು ತಿಂಗಳಿಗೇ ಬಸುರಾಗಬಹುದು, ಒಂಬತ್ತು ವಾರಕ್ಕೆ ಈಯುತ್ತದೆ. ಮರಿ ಹಾಕಿದ ಬೆಕ್ಕು ಏಳು ಮನೆ ಸುತ್ತುತ್ತದಂತೆ, ಆ ಏಳು ಮನೆಯವರ ಬೈಗುಳವೂ ನಿಮ್ಮದೇ.

ಶೆಲ್ಟರ್‌ನವರು ಗುರುತಿನ ಚೀಟಿ ಕೇಳುತ್ತಾರೆ, ಬಾಲ್ಕನಿಗೆ ಬಲೆ ಹಾಕಿಸಿದ್ದೀರಾ ಎಂದು ಬಂದು ನೋಡುತ್ತಾರೆ. ಬೆಕ್ಕು ಎಷ್ಟು ಎತ್ತರದಿಂದ ಬಿದ್ದರೂ ಕಾಲೂರಿ ನಿಲ್ಲುತ್ತದೆ ಎಂದು ಅವರ ಮುಂದೆ ವಾದ ಮಾಡಬೇಡಿ. ಕಾಲೂರುತ್ತದೆ, ಆ ಕಾಲೂ ದವಡೆಯೂ ಮುರಿದಿರುತ್ತವೆ. ಪಾರಿವಾಳಕ್ಕೆ ಕಟ್ಟುವ ತೆಳು ನೈಲಾನ್ ಬಲೆಯನ್ನು ಬೆಕ್ಕು ಹಲ್ಲಿನಿಂದ ಹರಿಯಬಲ್ಲದು, ಗಟ್ಟಿಯಾದದ್ದೇ ಹಾಕಿಸಿ. ಇಷ್ಟೆಲ್ಲ ತನಿಖೆ ಯಾಕೆ, ನಾವೇನು ಹೆಣ್ಣು ಕೇಳಲು ಬಂದಿದ್ದೇವಾ ಎಂದು ಸಿಡುಕಿದವರನ್ನು ಕಂಡಿದ್ದೇನೆ. ಒಮ್ಮೆ ಬಿಟ್ಟುಹೋದವರನ್ನು ನೋಡಿದ ಬೆಕ್ಕು ಅದು, ಎರಡನೇ ಸಲ ಹಾಗಾಗಬಾರದೆಂದು ಅವರು ಕೇಳುತ್ತಾರೆ.

ಮನೆಯೊಳಗೇ ಇರುವ ಬೆಕ್ಕು ಹದಿನೈದು ವರ್ಷ ಬದುಕುವುದು ಸಾಮಾನ್ಯ. ಅದಕ್ಕೇ ಅರ್ಜಿಯಲ್ಲಿ ಇನ್ನೂ ಒಂದು ಪ್ರಶ್ನೆ ಇರುತ್ತದೆ: ನೀವು ಊರಿಗೆ ಹೋದಾಗ ಬೆಕ್ಕನ್ನು ಯಾರು ನೋಡಿಕೊಳ್ಳುತ್ತಾರೆ? ಅಲ್ಲಿ ಪಕ್ಕದ ಮನೆ ಆಂಟಿಯ ಹೆಸರು ಬರೆಯುವ ಮುಂಚೆ ಆಂಟಿಯನ್ನೂ ಒಂದು ಮಾತು ಕೇಳಿಬಿಡಿ.

ನಮಸ್ಕಾರ.