ಇನಿ ದಾದ ಮೀನ್? ಮಂಗಳೂರಿನಲ್ಲಿ ಉಣ್ಣುವ ಹೊತ್ತು

ಎಲ್ಲರಿಗೂ ನಮಸ್ಕಾರ.

ನಾನು ಬೆಂಗಳೂರಿಗೆ ಬಂದು 20 ವರ್ಷ ದಾಟಿತು. ಇಷ್ಟು ವರ್ಷದಲ್ಲಿ ನನಗೆ ಅತಿ ಹೆಚ್ಚು ಸಲ ಬಂದ ಫೋನ್ ಒಂದೇ. "ನಾಳೆ ಮಂಗಳೂರಿಗೆ ಹೋಗ್ತಾ ಇದ್ದೀವಿ, ಊಟಕ್ಕೆ ಒಳ್ಳೆ ಹೋಟೆಲಿನ ಹೆಸರು ಹೇಳಿ." ನಾನು ಹೇಳುತ್ತೇನೆ, ಅವರು ಹೋಗುತ್ತಾರೆ. ವಾಪಸ್ ಬಂದವರು "ಅಷ್ಟೇನೂ ಇರಲಿಲ್ಲ ಬಿಡಿ" ಅಂತ ಮೂಗು ಮುರಿಯುತ್ತಾರೆ. ಕೆದಕಿ ಕೇಳಿದರೆ ವಿಷಯ ಹೊರಗೆ ಬರುತ್ತದೆ. ಒಬ್ಬರು ಮೀನೂಟಕ್ಕೆ ಹೋದದ್ದು ಮಧ್ಯಾಹ್ನ ಮೂರೂವರೆಗೆ. ಇನ್ನೊಬ್ಬರು ಜುಲೈ ತಿಂಗಳ ಜಡಿಮಳೆಯಲ್ಲಿ ಕೂತು ತಾಜಾ ಅಂಜಲ್ ಮೀನು ಬೇಕು ಎಂದಿದ್ದರು. ಮತ್ತೊಬ್ಬರು ರಾತ್ರಿ ಒಂಬತ್ತು ಗಂಟೆಗೆ ಗೋಲಿಬಜೆ, ಅಂದರೆ ಮೈದಾದ ಉಂಡೆ ಬಜ್ಜಿ, ಕೇಳಿ, ಬೆಳಗ್ಗೆ ಕರಿದದ್ದನ್ನೇ ಮತ್ತೆ ಎಣ್ಣೆಗೆ ಬಿಟ್ಟು ಕೊಟ್ಟದ್ದನ್ನು ತಿಂದಿದ್ದರು.

ಹಾಗಾಗಿ ಇವತ್ತು ನಾನು ಹೋಟೆಲಿನ ಪಟ್ಟಿ ಓದುವುದಿಲ್ಲ. ಆ ಊರಿನಲ್ಲಿ ಹೋಟೆಲಿನ ಹೆಸರು ಅರ್ಧ ವಿಳಾಸ ಮಾತ್ರ, ಉಳಿದರ್ಧ ಗಡಿಯಾರದಲ್ಲಿ ಉಂಟು. ಇನ್ನೂ ಸ್ವಲ್ಪ ಕ್ಯಾಲೆಂಡರಿನಲ್ಲಿ ಉಂಟು.

ಆ ಊರಿಗೆ ಹೆಸರೂ ಒಂದಲ್ಲ. ತುಳುವರಿಗೆ ಅದು ಕುಡ್ಲ, ಕೊಂಕಣಿಯವರಿಗೆ ಕೊಡಿಯಾಲ್, ಬ್ಯಾರಿಗಳಿಗೆ ಮೈಕಾಲ. ಹೆಸರಿನಷ್ಟೇ ಅಡುಗೆಮನೆಗಳೂ ಬೇರೆ ಬೇರೆ. ಒಂದೇ ತೆಂಗಿನಕಾಯಿ, ಒಂದೇ ಕುಚ್ಚಲಕ್ಕಿ, ಘಟ್ಟದ ಮೇಲಿನ ಬ್ಯಾಡಗಿಯಿಂದ ಬಂದ ಅದೇ ಮೆಣಸು. ಆದರೆ ಕೊಂಕಣಿ ಮನೆಯ ದಾಳಿತೋಯ್ ಎಂಬ ಬೇಳೆ ಸಾರಿನಲ್ಲಿ ಇಂಗಿನ ಪರಿಮಳವಾದರೆ ಬಂಟರ ಮನೆಯಲ್ಲಿ ತೆಂಗಿನಕಾಯಿ ಅರೆದು ಮಾಡಿದ ಕೋಳಿಯ ಗಸಿ. ಕ್ರಿಶ್ಚಿಯನ್ನರ ಮನೆಯಲ್ಲಿ ಕಳ್ಳು ಹಾಕಿ ಉಬ್ಬಿಸಿದ ಸನ್ನ, ಅದರ ಪಕ್ಕ ಬಫಾತ್ ಪುಡಿ ಹಾಕಿದ ಹಂದಿ ಮಾಂಸ. ಬ್ಯಾರಿಗಳ ಉಳ್ಳಾಲದ ಕಡೆ ಹೋದರೆ ಪತ್ತಿರ್ ಎಂಬ ಅಕ್ಕಿ ರೊಟ್ಟಿ, ಬಿರಿಯಾನಿ. ಇವೆಲ್ಲ ಒಂದೇ ಮೆನು ಕಾರ್ಡಿನಲ್ಲಿ ಸಿಗುವ ಹೋಟೆಲ್ ಎಂದು ಯಾರಾದರೂ ಹೇಳಿದರೆ ಅಲ್ಲಿಗೆ ಮಾತ್ರ ಹೋಗಬೇಡಿ ಮಾರಾಯ್ರೆ.

ಬೆಳಗ್ಗಿನಿಂದ ಶುರು ಮಾಡುವ. ರಾತ್ರಿ ಬಸ್ಸಿನಲ್ಲಿ ಹೊರಟವರು ಆರೂವರೆ, ಏಳಕ್ಕೆ ಇಳಿಯುತ್ತೀರಿ. ಹೋಟೆಲ್ ರೂಮಿನ 'ಉಚಿತ ಉಪಾಹಾರ'ಕ್ಕೆ ಕಾಯಬೇಡಿ, ಅಲ್ಲಿ ಬ್ರೆಡ್ಡು, ಜಾಮು, ತಣ್ಣಗಾದ ಇಡ್ಲಿ. ಹೊರಗೆ ಬಂದು ಬನ್ಸ್ ತಿನ್ನಿ. ಬೇಕರಿಯ ಬನ್ ಅಲ್ಲ ಇದು. ಚೆನ್ನಾಗಿ ಕಳಿತ ಬಾಳೆಹಣ್ಣು ಹಿಸುಕಿ, ಮೊಸರು, ಸಕ್ಕರೆ, ಜೀರಿಗೆ, ಮೈದಾ ಸೇರಿಸಿ ಕಲಸಿ, ರಾತ್ರಿಯಿಡೀ ಇಟ್ಟು, ಬೆಳಗ್ಗೆ ದಪ್ಪ ಪೂರಿಯ ಹಾಗೆ ಲಟ್ಟಿಸಿ ಕರಿಯುತ್ತಾರೆ. ಬಾಣಲೆಯಿಂದ ಇಳಿದ ಹತ್ತು ನಿಮಿಷದೊಳಗೆ ಅದನ್ನು ಮುರಿದರೆ ಒಳಗೆ ಜೇನುಗೂಡಿನ ಹಾಗೆ ತೂತು ತೂತು. ಹನ್ನೊಂದು ಗಂಟೆಗೆ ಹೋದರೆ ಅದೇ ಬನ್ಸ್ ಗಾಜಿನ ಪೆಟ್ಟಿಗೆಯೊಳಗೆ ಎಣ್ಣೆ ಬಿಟ್ಟುಕೊಂಡು ಕೂತಿರುತ್ತದೆ. ಕೊಡಿಯಾಲ್‌ಬೈಲಿನ ನ್ಯೂ ತಾಜ್ ಮಹಲ್ ಕೆಫೆಗೆ ಬನ್ಸಿಗಾಗಿಯೇ ಜನ ಹೋಗುತ್ತಾರೆ. ಅಲ್ಲಿಯೇ ಬಿಸ್ಕುಟ್ ಅಂಬಡೆಯನ್ನೂ ಕೇಳಿ. ಹೆಸರಿನಲ್ಲಿ ಬಿಸ್ಕುಟ್ ಇದ್ದರೂ ಅದು ಉದ್ದಿನ ವಡೆ, ಶುಂಠಿ ಮತ್ತು ತೆಂಗಿನಕಾಯಿ ಚೂರು ಹಾಕಿದ್ದು.

ಸಿಹಿ ಬೇಡ ಎನ್ನುವವರಿಗೆ ಸಜ್ಜಿಗೆ-ಬಜಿಲ್. ಸಜ್ಜಿಗೆ ಅಂದರೆ ಉಪ್ಪಿಟ್ಟು, ಬಜಿಲ್ ಅಂದರೆ ಮಸಾಲೆ ಕಲಸಿದ ತೆಳು ಅವಲಕ್ಕಿ. ಮೆತ್ತಗಿನದ್ದರ ಮೇಲೆ ಗರಿಗರಿಯಾದದ್ದು. ಎರಡನ್ನೂ ಬೇರೆ ಬೇರೆ ತಟ್ಟೆಯಲ್ಲಿ ತರಿಸಿಕೊಂಡು ಬೇರೆ ಬೇರೆಯಾಗಿ ತಿಂದ ನನ್ನ ಆಫೀಸಿನ ಗೆಳೆಯರೊಬ್ಬರು ಇದ್ದಾರೆ, ಅವರನ್ನು ನಾನು ಇನ್ನೂ ಪೂರ್ತಿ ಕ್ಷಮಿಸಿಲ್ಲ.

ತಿಂಡಿಯಾದ ಮೇಲೆ ದೇವಸ್ಥಾನ, ಬೀಚು ಎಲ್ಲ ಆಮೇಲೆ ಆಯಿತು. ಮೊದಲು ದಕ್ಕೆಗೆ ಹೋಗಿ. ಬಂದರಿನ ಮೀನುಗಾರಿಕಾ ಧಕ್ಕೆಗೆ ಊರವರು ಹೇಳುವುದು ಹಾಗೆ. ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ದೂರವೇನಿಲ್ಲ. ಬೋಟುಗಳಿಂದ ಬುಟ್ಟಿ ಬುಟ್ಟಿ ಮೀನು ಇಳಿಯುವುದನ್ನು, ಏಲಂ ಕೂಗುವುದನ್ನು ಅರ್ಧ ಗಂಟೆ ನೋಡಿ. ಹಳೆಯ ಚಪ್ಪಲಿ ಹಾಕಿಕೊಂಡು ಹೋಗಿ, ದಾರಿಯ ನಡುವೆ ನಿಂತು ಫೋಟೊ ತೆಗೆಯಬೇಡಿ, ಐಸಿನ ಗಾಡಿ ತಳ್ಳುವವರು ಯಾರಿಗೂ ನಿಲ್ಲಿಸುವುದಿಲ್ಲ. ಮಧ್ಯಾಹ್ನ ನೀವು ಏನು ತಿನ್ನಬೇಕು ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ಯಾವ ಮೀನು ರಾಶಿ ಬಿದ್ದಿದೆಯೋ ಅದೇ ಇವತ್ತಿನ ಊಟ.

ಹೊರಗಿನಿಂದ ಬಂದವರೆಲ್ಲ ಕೇಳುವುದು ಅಂಜಲ್. ಮುಳ್ಳು ಕಡಿಮೆ, ತುಂಡು ದೊಡ್ಡದು, ಫೋಟೊಗೂ ಚೆಂದ. ನನ್ನ ಮಟ್ಟಿಗೆ ಅದು ನೆಂಟರ ಮೀನು. ಊರವರ ಜೀವ ಇರುವುದು ಬೂತಾಯಿ (ಮತ್ತಿ ಮೀನು), ಬಂಗುಡೆಯಲ್ಲಿ. ಮಳೆಗಾಲ ಮುಗಿದ ಮೇಲಿನ ಬೂತಾಯಿಯಲ್ಲಿ ಎಷ್ಟು ಕೊಬ್ಬು ಇರುತ್ತದೆಂದರೆ ಕಾವಲಿಯ ಮೇಲೆ ಅದು ತನ್ನ ಎಣ್ಣೆಯಲ್ಲಿ ತಾನೇ ಬೇಯುತ್ತದೆ. ಬಂಗುಡೆಯಾದರೆ ಪುಳಿಮುಂಚಿ ಮಾಡಬೇಕು, ಅಂದರೆ ಹುಳಿ ಮತ್ತು ಮೆಣಸು. ತೆಂಗಿನಕಾಯಿಯ ಗೊಡವೆ ಇಲ್ಲದ, ನಾಲಿಗೆಗೆ ನೇರ ಬಡಿಯುವ ಸಾರು ಅದು. ಹಿಂದಿನ ದಿನದ್ದಾದರೆ ಇನ್ನೂ ರುಚಿ. ಮುಳ್ಳಿಗೆ ಹೆದರುವವರಿಗೆ ಕಾಣೆ ಎಂಬ ಮೀನು ಉಂಟು, ನಡುವೆ ಒಂದೇ ಮುಳ್ಳು, ಮೆತ್ತಗಿನ ಮಾಂಸ. ಆದರೆ ಬೆಲೆ ಕೇಳಿಯೇ ಹೇಳಿ. ಬೊಳಂಜಿರ್ ಎಂಬ ಬೆರಳುದ್ದದ ಬಿಳಿ ಮೀನನ್ನು ಗರಿಗರಿಯಾಗಿ ಹುರಿದು ಕೊಟ್ಟರೆ ಬಿಡಬೇಡಿ. ಎಟ್ಟಿ ಅಂದರೆ ಸಿಗಡಿ, ದೆಂಜಿ ಅಂದರೆ ಏಡಿ, ಮರುವಾಯಿ ಅಂದರೆ ಹೊಳೆಯ ಚಿಪ್ಪು. ತೆಂಗಿನಕಾಯಿ ಹಾಕಿ ಒಣಗಲಾಗಿ ಮಾಡಿದ ಮರುವಾಯಿ ಸುಕ್ಕದ ಮುಂದೆ ಕೂತವರು ಮಾತಾಡುವುದಿಲ್ಲ, ಚಿಪ್ಪು ತಟ್ಟೆಗೆ ಬೀಳುವ ಶಬ್ದ ಮಾತ್ರ.

ಹೋಟೆಲಿಗೆ ಹೋಗಿ ಕೂತ ಕೂಡಲೇ ಮೆನು ಕೇಳಬೇಡಿ. ಒಂದು ತುಳು ವಾಕ್ಯ ಕಲಿತುಕೊಂಡು ಹೋಗಿ: "ಇನಿ ದಾದ ಮೀನ್?" ಇವತ್ತು ಯಾವ ಮೀನು, ಅಷ್ಟೆ. ಇದನ್ನು ಕೇಳಿದ ತಕ್ಷಣ ಬಡಿಸುವವರ ಮುಖ ಬೇರೆಯಾಗುತ್ತದೆ. "ಅಂಜಲ್ ಉಂಟು ಸರ್, ಆದ್ರೆ ಬಂಗುಡೆ ತಗೊಳ್ಳಿ, ಈಗ ಬಂದದ್ದು" ಎಂಬ ಗುಟ್ಟು ಆ ಪ್ರಶ್ನೆಗೆ ಮಾತ್ರ ಹೊರಬೀಳುವುದು. ಕೆಲವು ಕಡೆ ಮೀನಿನ ತಟ್ಟೆಯನ್ನೇ ಮೇಜಿಗೆ ತಂದು ತೋರಿಸುತ್ತಾರೆ, ಬೆರಳು ಮಾಡಿದರಾಯಿತು.

ಹೆಸರು ಬೇಕೇ ಬೇಕು ಎಂಬವರಿಗೆ ಎರಡು ಹೇಳುತ್ತೇನೆ. ಬಂದರಿನ ನಾರಾಯಣ ಹೋಟೆಲ್, ರಥಬೀದಿ ಹತ್ತಿರದ ಗಿರಿಮಂಜಾಸ್. ಎರಡೂ ಸಣ್ಣವು, ಎರಡೂ ಗಿಜಿಗುಟ್ಟುವವು. ಪರಿಚಯ ಇಲ್ಲದವರ ಪಕ್ಕ ಮೊಣಕೈ ತಾಗಿಸಿಕೊಂಡು ಕೂರಬೇಕು, ಊಟ ಮುಗಿಸುವ ಮೊದಲೇ ನಿಮ್ಮ ಕುರ್ಚಿಯ ಹಿಂದೆ ಇನ್ನೊಬ್ಬರು ನಿಂತಿರುತ್ತಾರೆ. ಹನ್ನೆರಡೂವರೆಗೆ ಹೋಗಿ. ಎರಡು ಗಂಟೆ ದಾಟಿದರೆ "ಕಾಣೆ ಖಾಲಿ, ಬೂತಾಯಿ ಖಾಲಿ" ಎಂಬ ಮಂತ್ರ ಶುರು. ಅನ್ನ ಕೇಳುವಾಗ ಕುಚ್ಚಲಕ್ಕಿಯದ್ದೇ ಕೇಳಿ. ಬೆಂಗಳೂರಿನ ನಾಲಿಗೆಗೆ ಮೊದಲ ತುತ್ತು ಒರಟು ಅನಿಸಬಹುದು, ಆದರೆ ಮೀನಿನ ಸಾರಿಗೆ ಸೋನಾ ಮಸೂರಿ ಸೋತು ಮುದ್ದೆಯಾಗುತ್ತದೆ, ಕೆಂಪು ಕುಚ್ಚಲಕ್ಕಿ ನಿಲ್ಲುತ್ತದೆ.

ಇನ್ನು ಕ್ಯಾಲೆಂಡರು. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ ಅದು. ಆಗ ಸಿಗುವುದು ನಾಡದೋಣಿಯವರು ತಂದ ಸ್ವಲ್ಪ ಮೀನು, ಹೊಳೆಮೀನು, ಒಣಮೀನು, ಇಲ್ಲವಾದರೆ ಐಸಿನ ಮೀನು. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೆ ಮುಗಿಯುವುದರಿಂದ ಅತ್ತ ಕಡೆಯ ಮೀನು ಲಾರಿಯಲ್ಲಿ ಬರುತ್ತದೆ. ಹೆದ್ದಾರಿ ಬದಿಯ ಒಂದು ಹೋಟೆಲಿನಲ್ಲಿ ಜುಲೈ ನಡುವಿನಲ್ಲಿ ನನಗೆ "ಈಗಷ್ಟೇ ಬೋಟಿಂದ ಇಳಿದದ್ದು" ಎಂದು ಅಂಜಲ್ ಬಡಿಸಿದ್ದರು. ಯಾವ ಬೋಟು ಅಂತ ಕೇಳಿದೆ. ಬಿಲ್ಲು ಬೇಗ ಬಂತು.

ಹಾಗಂತ ಮಳೆಗಾಲದಲ್ಲಿ ಹೋಗಬಾರದೆಂದು ಅರ್ಥವಲ್ಲ. ನನ್ನನ್ನು ಕೇಳಿದರೆ ನಿಜವಾದ ಊಟದ ತಿಂಗಳು ಆಟಿಯೇ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಹಿಂದೆ ಅದು ಕಷ್ಟದ ತಿಂಗಳು. ಗದ್ದೆಯ ಕೆಲಸ ಮುಗಿದು ಕಣಜ ಬರಿದಾಗಿ ಕಡಲೂ ಮುಚ್ಚಿರುತ್ತಿತ್ತು. ಆಗ ಜನ ಬೇಲಿ, ಗುಡ್ಡ ಹುಡುಕಿ ತಂದದ್ದೇ ಇವತ್ತಿನ ವಿಶೇಷ: ಕೆಸುವಿನ ಎಲೆಗೆ ಅಕ್ಕಿ ಹಿಟ್ಟಿನ ಮಸಾಲೆ ಸವರಿ, ಸುರುಳಿ ಸುತ್ತಿ ಬೇಯಿಸಿದ ಪತ್ರೊಡೆ, ಎಳೆ ಬಿದಿರಿನ ಕಣಿಲೆ, ತಜಂಕ್ ಎಂಬ ಕಾಡು ಸೊಪ್ಪಿನ ಪಲ್ಯ, ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ತೊಳೆ. ನಮ್ಮ ಅಜ್ಜಿ ಪತ್ರೊಡೆಗೆ ಮರದ ಮೇಲೆ ಬೆಳೆಯುವ ಮರಕೆಸುವೇ ಆಗಬೇಕೆಂದು ಹಠ ಹಿಡಿಯುತ್ತಿದ್ದರು, ಸಿಕ್ಕದಿದ್ದರೆ ಆ ವರ್ಷ ಪತ್ರೊಡೆಯೇ ಇಲ್ಲ. ಈಗ ಹಸಿವಿನ ತಿಂಗಳ ನೆನಪಿಗೆ ಹೋಟೆಲುಗಳಲ್ಲಿ ಆಟಿ ಊಟದ ಬೋರ್ಡು ಬೀಳುತ್ತದೆ, ತಟ್ಟೆಗೆ ಇಪ್ಪತ್ತು ಬಗೆ. ಅಜ್ಜಿ ನೋಡಿದ್ದರೆ ನಗುತ್ತಿದ್ದರೋ ಬೈಯುತ್ತಿದ್ದರೋ ಗೊತ್ತಿಲ್ಲ, ನಾನಂತೂ ತಿಂದು ಬಂದಿದ್ದೇನೆ.

ಆಗಸ್ಟ್, ಸೆಪ್ಟೆಂಬರಿನಲ್ಲಿ ಹೋದವರು ಅಷ್ಟಮಿ, ಚೌತಿಯ ಮೂಡೆಯನ್ನು ಹುಡುಕಬೇಕು. ಕೇದಗೆ ಜಾತಿಯ ಮುಂಡೇವಿನ ಎಲೆಯನ್ನು ಕೊಳವೆಯ ಹಾಗೆ ಸುತ್ತಿ, ಅದರೊಳಗೆ ಇಡ್ಲಿ ಹಿಟ್ಟು ಹೊಯ್ದು ಬೇಯಿಸಿದ್ದು. ಹಲಸಿನ ಎಲೆಯಲ್ಲಾದರೆ ಕೊಟ್ಟಿಗೆ ಅಥವಾ ಗುಂಡ. ಎಲೆಯ ಪರಿಮಳ ಹಿಟ್ಟಿಗೆ ಇಳಿದಿರುತ್ತದೆ. ಸೆಪ್ಟೆಂಬರ್ 8ರ ಮೊಂತಿ ಫೆಸ್ಟಿಗೆ ಕ್ರಿಶ್ಚಿಯನ್ ಗೆಳೆಯರು ಕರೆದರೆ, ಮಾಂಸ ಇರುತ್ತದೆಂದು ಹೋಗಬೇಡಿ. ಹೊಸ ಅಕ್ಕಿಯ ಹಬ್ಬ ಅದು, ಬಾಳೆಲೆಯ ಮೇಲೆ ಪೂರ್ತಿ ತರಕಾರಿ ಊಟ.

ಕುಡಿಯುವ ವಿಷಯಕ್ಕೆ ಬರುವ. ಮುಂದಿನ ಸಾಲಿನವರು ಈಗ ನೆಟ್ಟಗೆ ಕೂತರು, ಗಮನಿಸಿದೆ. ಮೊದಲು ಬೊಂಡ. ಮಂಗಳೂರಿನ ರಸ್ತೆ ಬದಿಯಲ್ಲಿ "ಬೊಂಡ" ಎಂದು ಬೋರ್ಡ್ ಕಂಡರೆ ಆಲೂಗಡ್ಡೆ ನೆನಪಿಸಿಕೊಳ್ಳಬೇಡಿ, ಅದು ಎಳನೀರು. ಕೇಸರಿ ಬಣ್ಣದ ಗೆಂದಾಳಿ ಸಿಕ್ಕಿದರೆ ಅದನ್ನೇ ಕೆತ್ತಿಸಿಕೊಳ್ಳಿ. ಏಪ್ರಿಲ್, ಮೇ ಸೆಕೆಯಲ್ಲಿ ಪುನರ್ಪುಳಿಯ (ಕೋಕಂ) ಶರಬತ್ತು ಔಷಧದ ಹಾಗೆ. ಸಂಜೆ ಶೀತ ಅನಿಸಿದರೆ ಕೊತ್ತಂಬರಿ-ಜೀರಿಗೆ ಕಷಾಯ. ಸೋಡಾದ ಚಟ ಇರುವವರಿಗೆ ಪಕ್ಕದ ಪುತ್ತೂರಿನ ಬಿಂದು ಜೀರಾ ಎಲ್ಲ ಗೂಡಂಗಡಿಯಲ್ಲೂ ಉಂಟು.

ಗಟ್ಟಿ ಪಾನೀಯಕ್ಕೆ ಊರಿನಲ್ಲಿ ಬಾರುಗಳಿಗೆ ಬರವಿಲ್ಲ, ಮೀನು ಚೆನ್ನಾಗಿ ಹುರಿಯುವ ಎಷ್ಟೋ ಅಡುಗೆಮನೆಗಳು ಬಾರಿನ ಹಿಂದೆಯೇ ಇರುವುದು, ಮನೆಮಂದಿಯೂ ಹೋಗಿ ಊಟ ಮಾಡುತ್ತಾರೆ. ಆದರೆ ನೆಲದ ಪಾನೀಯ ಕಳ್ಳು. ಮೂರ್ತೆದಾರರು ಮರ ಹತ್ತಿ ಇಳಿಸಿದ್ದು ಗಡಂಗಿಗೆ, ಅಂದರೆ ಕಳ್ಳಿನ ಅಂಗಡಿಗೆ, ಬರುತ್ತದೆ. ಇಲ್ಲೂ ಗಡಿಯಾರದ್ದೇ ಕಾರುಬಾರು: ಬೆಳಗ್ಗೆ ಇಳಿಸಿದ ಕಳ್ಳು ಸಿಹಿ, ಹೊತ್ತೇರಿದ ಹಾಗೆ ಹುಳಿ, ಸಂಜೆಗೆ ತಲೆಗೆ ಹತ್ತುವಂಥದ್ದು. ಪರಿಚಯದವರ ಜೊತೆ ಮಾತ್ರ ಹೋಗಿ. ಗಾಡಿ ಓಡಿಸುವವರು ಬೊಂಡದಲ್ಲೇ ತೃಪ್ತಿ ಪಡಬೇಕು.

ನಾಲ್ಕು ಗಂಟೆ ಗೋಲಿಬಜೆಯ ಹೊತ್ತು, ಅದರ ಬಗ್ಗೆ ಚರ್ಚೆಯೇ ಇಲ್ಲ. ಐದರ ಸುಮಾರಿಗೆ ಸುಲ್ತಾನ್ ಬತ್ತೇರಿಯಿಂದ ದೋಣಿ ಹತ್ತಿ ಹೊಳೆ ದಾಟಿ ತಣ್ಣೀರುಬಾವಿಗೆ ಹೋಗಿ, ಮರಳಿನ ಮೇಲೆ ಕೂತು ಚರುಮುರಿ ತಿನ್ನುತ್ತಾ ಸೂರ್ಯ ಮುಳುಗುವುದನ್ನು ನೋಡಿ.

ಕತ್ತಲಾದ ಮೇಲೆ ಐಸ್‌ಕ್ರೀಂ. ಹಂಪನಕಟ್ಟೆಯ ಮಾರ್ಕೆಟ್ ರಸ್ತೆಯಲ್ಲಿ 1975ರಲ್ಲಿ ಶುರುವಾದ ಐಡಿಯಲ್ ಈ ಊರಿನ ಮೂರು ತಲೆಮಾರಿನ ಹುಟ್ಟುಹಬ್ಬ ನೋಡಿದೆ. ಅವರದ್ದೇ ಪಬ್ಬಾಸ್ ಲಾಲ್‌ಬಾಗಿನಲ್ಲಿ ಉಂಟು. ಗಡ್‌ಬಡ್ ಕೇಳಿ. ಉದ್ದದ ಗಾಜಿನ ಲೋಟದಲ್ಲಿ ಎರಡು ಮೂರು ಬಗೆಯ ಐಸ್‌ಕ್ರೀಂ, ನಡುವೆ ಜೆಲ್ಲಿ, ಹಣ್ಣು, ಗೋಡಂಬಿ. ಇದು ಹುಟ್ಟಿದ್ದು ಉಡುಪಿಯ ಡಯಾನಾ ಹೋಟೆಲಿನಲ್ಲಿ ಎಂದು ಉಡುಪಿಯವರು ಹೇಳುತ್ತಾರೆ, ಮಂಗಳೂರಿನವರು ಕೇಳಿಸದ ಹಾಗೆ ಚಮಚ ಆಡಿಸುತ್ತಾರೆ. ಉದ್ದ ಚಮಚವನ್ನು ತಳದವರೆಗೆ ಇಳಿಸಿ ಮೇಲೆ ತನ್ನಿ, ಮೇಲಿನಿಂದ ಕೆರೆಯುತ್ತಾ ಹೋದರೆ ಜೆಲ್ಲಿ ಸಿಗುವ ಹೊತ್ತಿಗೆ ಎಲ್ಲ ನೀರು.

ಕೋಳಿಗೆ ರಾತ್ರಿ ಒಳ್ಳೆಯದು. ತುಪ್ಪ, ಬ್ಯಾಡಗಿ ಮೆಣಸು, ಹುಳಿ ಸೇರಿದ ಘೀ ರೋಸ್ಟ್ ಮಂಗಳೂರಿನದ್ದೆಂದು ಬೆಂಗಳೂರಿನ ಬೋರ್ಡುಗಳು ಹೇಳುತ್ತವೆ. ಅದರ ತವರು ಕುಂದಾಪುರದ ಶೆಟ್ಟಿ ಲಂಚ್ ಹೋಮ್, ಮಂಗಳೂರಿನಿಂದ ಉತ್ತರಕ್ಕೆ ಹೆಚ್ಚುಕಡಿಮೆ 90 ಕಿಲೋಮೀಟರ್. ಕುಂದಾಪುರದವರ ಎದುರು ಈ ತಪ್ಪು ಮಾಡಬೇಡಿ. ಮಂಗಳೂರಿನಲ್ಲಿ ಉಣ್ಣಬೇಕಾದದ್ದು ಕೋರಿ ರೊಟ್ಟಿ. ಕಾಗದದಷ್ಟು ತೆಳ್ಳಗಿನ, ಒಣಗಿದ ಅಕ್ಕಿ ರೊಟ್ಟಿಯನ್ನು ಕೈಯಿಂದ ಮುರಿದು ಹರಡಿ, ಮೇಲೆ ಬಿಸಿ ಕೋಳಿ ಗಸಿ ಹೊಯ್ಯುತ್ತಾರೆ. ಒಂದೇ ಸಲ ಪೂರ್ತಿ ಹೊಯ್ಯಿಸಿಕೊಳ್ಳಬೇಡಿ. ಅರ್ಧ ನೆನೆದದ್ದು, ಅರ್ಧ ಇನ್ನೂ ಕರುಕುರು ಎನ್ನುವುದು, ಎರಡೂ ಒಂದೇ ತುತ್ತಿನಲ್ಲಿ ಬರಬೇಕು. ಚಮಚ ಕೇಳಿದರೆ ಕೊಡುತ್ತಾರೆ, ಆದರೆ ಪಕ್ಕದ ಮೇಜಿನವರು ನೋಡುತ್ತಾರೆ.

ಆ ರೊಟ್ಟಿ ಪ್ಯಾಕೆಟ್ಟಿನಲ್ಲಿ ಅಂಗಡಿಗಳಲ್ಲೂ ಸಿಗುತ್ತದೆ, ತಿಂಗಳುಗಟ್ಟಲೆ ಕೆಡುವುದಿಲ್ಲ, ಹೊರಡುವಾಗ ಎರಡು ಕಟ್ಟು ತನ್ನಿ. ಆದರೆ ಬ್ಯಾಗಿನೊಳಗೆ ತುರುಕಬೇಡಿ, ಬಸ್ಸಿನ ಡಿಕ್ಕಿಗೂ ಹಾಕಬೇಡಿ. ಮಡಿಲಲ್ಲಿ ಮಗುವಿನ ಹಾಗೆ ಇಟ್ಟುಕೊಂಡು ಕೂರಿ. ಇಲ್ಲವಾದರೆ ಶಿರಾಡಿ ಘಾಟಿ ಹತ್ತಿ ಸಕಲೇಶಪುರ ಮುಟ್ಟುವಾಗ ನಿಮ್ಮ ಕೈಯಲ್ಲಿ ಉಳಿಯುವುದು ಅಕ್ಕಿ ಹಿಟ್ಟು.