ಸಂಶೋಧನೆ, ನೌಕರಿ ಮತ್ತು ಮನೆಯಲ್ಲಿ ಪುಟ್ಟ ಮಕ್ಕಳು

ಕೇಳುಗರಿಗೆ ನಮಸ್ಕಾರ.

ಪಿಎಚ್‌.ಡಿ. ಪ್ರವೇಶದ ಸಂದರ್ಶನಗಳಲ್ಲಿ ನಾನು ಅನೇಕ ವರ್ಷಗಳಿಂದ ಕುಳಿತಿದ್ದೇನೆ. ಚಿಕ್ಕ ಮಕ್ಕಳಿರುವ ಹೆಣ್ಣುಮಗಳು ಒಳಗೆ ಬಂದರೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಮಗುವನ್ನು ಯಾರು ನೋಡಿಕೊಳ್ಳುತ್ತಾರಮ್ಮ?" ಅವಳ ಹಿಂದೆಯೇ ಬರುವ, ಅಷ್ಟೇ ಚಿಕ್ಕ ಮಕ್ಕಳ ತಂದೆಗೆ ಈ ಪ್ರಶ್ನೆ ಎದುರಾಗುವುದಿಲ್ಲ. ಅವರನ್ನು ನೇರವಾಗಿ ವಿಷಯದ ಬಗ್ಗೆಯೇ ಕೇಳುತ್ತಾರೆ. ಪ್ರತಿ ಸಲವೂ ನನಗೆ ಇದರಿಂದ ಸಂಕಟವಾಗುತ್ತದೆ. ಮಗುವಿನ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಆಕೆಯ ಪತಿ, ಆಕೆ ದುಡಿಯುವ ಸಂಸ್ಥೆ ಮತ್ತು ಅಲ್ಲಿ ಕುಳಿತಿರುವ ನಾವು.

ಇಂದು ಇಷ್ಟು ಹೇಳಲೆಂದೇ ಬಂದಿದ್ದೇನೆ: ಓದಿಗೆ ಬೇಕಾದ ಸಮಯವನ್ನು ನಿಮ್ಮ ನಿದ್ದೆಯಿಂದ ಕದಿಯಬೇಡಿ. ಅದನ್ನು ಕೇಳಿ ಪಡೆಯಿರಿ. ಸಾಧ್ಯವಾದ ಕಡೆಯೆಲ್ಲ ಬರವಣಿಗೆಯಲ್ಲಿ ಪಡೆಯಿರಿ.

ನಿಯಮ ಏನು ಹೇಳುತ್ತದೆ ಎಂಬುದು ಅನೇಕರಿಗೆ ಗೊತ್ತಿರುವುದಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2022ರ ಪಿಎಚ್‌.ಡಿ. ನಿಯಮಾವಳಿ ನೌಕರಿಯಲ್ಲಿ ಇದ್ದುಕೊಂಡೇ ಅರೆಕಾಲಿಕವಾಗಿ ಸಂಶೋಧನೆ ಮಾಡಲು ಅವಕಾಶ ಕೊಟ್ಟಿದೆ. ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯ ಮೂಲಕ ಇನ್ನೂ 2 ವರ್ಷ ಸಿಗಬಹುದು. ಮಹಿಳೆಯರಿಗೆ ಅದರ ಮೇಲೆ ಮತ್ತೆ 2 ವರ್ಷದ ಸಡಿಲಿಕೆ ಇದ್ದು, ಒಟ್ಟು 10 ವರ್ಷ ಮೀರುವಂತಿಲ್ಲ. ಇಡೀ ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ ರಜೆ ಅಥವಾ ಶಿಶುಪಾಲನಾ ರಜೆ ಕೊಡಬಹುದು. "ಕೊಡಬಹುದು" ಎಂದಿರುವುದರಿಂದಲೇ ಅರ್ಜಿ ಬರೆದು ಕೇಳಬೇಕು. ಬಾಯಿಮಾತಿನ ಒಪ್ಪಿಗೆ ವಿಭಾಗದ ಮುಖ್ಯಸ್ಥರು ಬದಲಾದ ದಿನ ಅಳಿಸಿಹೋಗುತ್ತದೆ.

ಅರೆಕಾಲಿಕ ಅಭ್ಯರ್ಥಿಗಳು ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ಅದನ್ನು ಒಂದು ಕಾಗದವೆಂದಷ್ಟೇ ತಿಳಿಯಬೇಡಿ. ಸಂಶೋಧನೆಗೆ ಸಾಕಷ್ಟು ಸಮಯ ಸಿಗುವಂತೆ ಈ ನೌಕರರ ಕೆಲಸವಿದೆ, ಅಗತ್ಯ ಬಿದ್ದರೆ ಕೋರ್ಸ್‌ವರ್ಕ್, ಅಂದರೆ ಪಿಎಚ್‌.ಡಿ.ಗಾಗಿ ತರಗತಿಯಲ್ಲಿ ಕಲಿಯಬೇಕಾದ ಪಾಠಗಳನ್ನು, ಮುಗಿಸಲು ಕರ್ತವ್ಯದಿಂದ ಬಿಡುಗಡೆ ಮಾಡುತ್ತೇವೆ ಎಂದು ಸಂಸ್ಥೆ ಅದರಲ್ಲಿ ಬರೆದುಕೊಡಬೇಕು. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್‌ಗಳದ್ದು; ಕ್ರೆಡಿಟ್ ಎಂದರೆ ಪಾಠದ ಹೊರೆಯ ಅಳತೆ. ಮಕ್ಕಳಿರುವವರು ಎಡವುವುದು ಹೆಚ್ಚಾಗಿ ಅಲ್ಲಿಯೇ, ಏಕೆಂದರೆ ತರಗತಿಯ ವೇಳೆ, ಶಾಲೆ ಬಿಡುವ ವೇಳೆ, ಕಚೇರಿಯ ವೇಳೆ ಮೂರೂ ಒಂದರ ಮೇಲೊಂದು ಬೀಳುತ್ತವೆ. ಆ ತಿಂಗಳುಗಳಿಗೆ ಬಿಡುಗಡೆಯ ಆದೇಶ ಕೈಯಲ್ಲಿರಲಿ.

ಇನ್ನು ಮನೆಯೊಳಗಿನ ಮಾತು. "ಮಗು ಮಲಗಿದ ಮೇಲೆ ಓದುತ್ತೇನೆ" ಎಂದು ಎಲ್ಲರೂ ಹೊರಡುತ್ತಾರೆ. ಮಗುವನ್ನು ತಟ್ಟುತ್ತ ತಾಯಿಯೂ ನಿದ್ದೆಹೋಗುತ್ತಾಳೆ. ಹೋಗಲಿ ಬಿಡಿ, ಅದು ಆ ದೇಹಕ್ಕೆ ಬೇಕಾದ ನಿದ್ದೆ.

ನನ್ನ ಮಾರ್ಗದರ್ಶನದಲ್ಲಿದ್ದ ಪ್ರೌಢಶಾಲಾ ಶಿಕ್ಷಕಿಯೊಬ್ಬರು ಬೀರುವಿನ ಬಾಗಿಲಿನ ಒಳಬದಿಗೆ ಒಂದು ಹಾಳೆ ಅಂಟಿಸಿದ್ದರು. ಎಡಕ್ಕೆ ಅರ್ಧ ಗಂಟೆಯಲ್ಲಿ ಆಗುವ ಕೆಲಸಗಳು: ಅಡಿಟಿಪ್ಪಣಿ ಸರಿಪಡಿಸುವುದು, ಕೋಷ್ಟಕ ತುಂಬುವುದು, ಪಿಎಚ್‌.ಡಿ. ಪ್ರಬಂಧಗಳ ಆನ್‌ಲೈನ್ ಸಂಗ್ರಹವಾದ ಶೋಧಗಂಗಾದಲ್ಲಿ ಹಳೆಯ ಪ್ರಬಂಧಗಳನ್ನು ಹುಡುಕುವುದು. ಬಲಕ್ಕೆ ಎರಡು ಗಂಟೆ ಕದಲದೆ ಕೂರಬೇಕಾದದ್ದು: ಬರವಣಿಗೆ. ಎಡಗಡೆಯದನ್ನು ಕುಕ್ಕರ್ ಕೂಗುವಾಗಲೂ ಮಾಡುತ್ತಿದ್ದರು. ಬಲಗಡೆಯದಕ್ಕೆ ಭಾನುವಾರದ ಬೆಳಗು ಮೀಸಲು. ಮಕ್ಕಳ ತಿಂಡಿ, ಸ್ನಾನ, ಹೋಮ್‌ವರ್ಕ್ ಎಲ್ಲವೂ ಅಂದು ತಂದೆಯ ಪಾಲು. ಅವರು "ಸಹಾಯ" ಮಾಡುತ್ತಿರಲಿಲ್ಲ, ತಮ್ಮ ಕೆಲಸ ಮಾಡುತ್ತಿದ್ದರು. ಟವೆಲ್ ಎಲ್ಲಿದೆ ಎಂದು ಕೋಣೆಯ ಬಾಗಿಲು ಬಡಿಯುತ್ತಿರಲಿಲ್ಲ. ಈ ವಿವರ ಸಣ್ಣದೆನಿಸಬಹುದು, ಆದರೆ ಎಷ್ಟೋ ಅಧ್ಯಾಯಗಳು ಆ ಟವೆಲ್‌ನಿಂದಲೇ ನಿಂತುಹೋಗಿವೆ.

ಆ ಶಿಕ್ಷಕಿಯ ಅಧ್ಯಯನ ದಕ್ಷಿಣ ಕನ್ನಡದ ಬೀಡಿ ಕಟ್ಟುವ ಮಹಿಳೆಯರ ಕುರಿತಾಗಿತ್ತು. ಬೇಸಿಗೆ ರಜೆಯಲ್ಲಿ ಕ್ಷೇತ್ರಕಾರ್ಯ. ಬಿಟ್ಟುಬರಲು ಜಾಗವಿಲ್ಲದೆ ಕಿರಿಯ ಮಗಳನ್ನು ಜೊತೆಗೆ ಕರೆದೊಯ್ದರು. ಪ್ರಶ್ನಾವಳಿಗೆ ಆ ಹೆಂಗಸರು ಹೌದು, ಇಲ್ಲ ಎಂದಷ್ಟೇ ಹೇಳುತ್ತ, ತಲೆ ಎತ್ತದೆ ಎಲೆ ಕತ್ತರಿಸುತ್ತಿದ್ದರು. ಮಧ್ಯಾಹ್ನ ಮಗು ಹಸಿವೆಯಿಂದ ರಚ್ಚೆ ಹಿಡಿಯಿತು. ಹೊಗೆಸೊಪ್ಪಿನ ಧೂಳಿಗೆ ದೂರವಾಗಿ, ಅಂಗಳದ ಮರದಡಿ ಕೂರಿಸಿ ಇವರು ಮೊಸರನ್ನ ತಿನ್ನಿಸತೊಡಗಿದರು. ಆಗ ಹಿರಿಯ ಹೆಂಗಸೊಬ್ಬರು ಮಡಿಲಿನ ಮೊರವನ್ನು ಬದಿಗಿಟ್ಟು ಬಂದು ಕುಳಿತರು. ತೊಟ್ಟಿಲ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು ತೂಗುತ್ತ, ಎರಡೂ ಕೈಯಲ್ಲಿ ಬೀಡಿ ಕಟ್ಟಿ ಮೂವರು ಮಕ್ಕಳನ್ನು ಬೆಳೆಸಿದ ಕಥೆ ಹೇಳಿದರು. ಮಿಕ್ಕವರೂ ಮಾತಿಗೆ ಸೇರಿಕೊಂಡರು. ಪ್ರಬಂಧದ ಅತ್ಯಂತ ಗಟ್ಟಿಯಾದ ಅಧ್ಯಾಯ ಹುಟ್ಟಿದ್ದು ಆ ಮಧ್ಯಾಹ್ನದಿಂದ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಹೆಚ್ಚು ಹೊತ್ತು ಕೇಳಿದ್ದೂ ಅದರ ಬಗ್ಗೆಯೇ. ಹಾಗೆಂದು ಪ್ರತಿಯೊಬ್ಬ ತಾಯಿಯೂ ಮಗುವನ್ನು ಹೊತ್ತುಕೊಂಡೇ ಸಂಶೋಧನೆ ಮಾಡಲಿ ಎಂದು ನಾನು ಹೇಳಲಾರೆ. ಬಿಸಿಲಲ್ಲಿ ಆ ಮಗು ಬಳಲಿದ್ದೂ ನಿಜ.

ಅಜ್ಜಿ ತಾತ ಇದ್ದಾರಲ್ಲ ಎನ್ನುವವರುಂಟು. ಇದ್ದರೆ ಪುಣ್ಯ. ಆದರೆ ಅವರ ಮೊಣಕಾಲಿಗೂ ವಯಸ್ಸಾಗಿದೆ. ಓಡುವ ಮಗುವಿನ ಹಿಂದೆ ದಿನವಿಡೀ ಅವರನ್ನು ಓಡಿಸಬಾರದು. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆಯು 50 ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದೂ, ತಾಯಿ ದಿನಕ್ಕೆ 4 ಬಾರಿ ಅಲ್ಲಿಗೆ ಹೋಗಿಬರಬಹುದೆಂದೂ ಹೇಳಿತು. ಪರೀಕ್ಷಾ ಕೆಲಸಕ್ಕೆಂದು ನಾನು ಹೋದ ಕಾಲೇಜುಗಳಲ್ಲಿ ಅತಿಥಿಗಳಿಗೆ ಸೋಫಾ ಹಾಕಿದ ಕೋಣೆ ಕಂಡಿದ್ದೇನೆ, ಮಕ್ಕಳಿಗೊಂದು ಕೋಣೆ ಕಂಡದ್ದು ತೀರ ಅಪರೂಪ. ಗ್ರಂಥಾಲಯದ ಪಕ್ಕದಲ್ಲೇ ಚಾಪೆ, ಆಟಿಕೆ, ನಂಬಿಕಸ್ತ ಆಯಾ ಇರುವ ಒಂದು ಕೋಣೆ ಇದ್ದರೆ ಎಷ್ಟು ಹೆಣ್ಣುಮಕ್ಕಳ ಓದು ಉಳಿಯುತ್ತಿತ್ತು!

ಕೊನೆಯದಾಗಿ, ನನ್ನಂತೆ ಮಾರ್ಗದರ್ಶಕರಾಗಿರುವವರಲ್ಲಿ ವಿನಂತಿ. ಪ್ರತಿ ಸೆಮಿಸ್ಟರ್‌ಗೂ ವಿದ್ಯಾರ್ಥಿಗಳು ಸಂಶೋಧನಾ ಸಲಹಾ ಸಮಿತಿಯ ಮುಂದೆ ಬರಬೇಕು. ಆ ದಿನಾಂಕವನ್ನು ಹಿಂದಿನ ಸಂಜೆ ವಾಟ್ಸ್‌ಆ್ಯಪ್‌ನಲ್ಲಿ ತಿಳಿಸಬೇಡಿ. ಎರಡು ವಾರ ಮೊದಲೇ ಹೇಳಿ, ಸಭೆಯನ್ನು ಬೆಳಗ್ಗೆ ಇಟ್ಟುಕೊಳ್ಳಿ, ಶಾಲಾ ವ್ಯಾನ್ ಬರುವ ಹೊತ್ತಿಗೆ ಅವರನ್ನು ಮನೆಗೆ ಬಿಡಿ. ಈ ವರ್ಷ ನೋಂದಣಿಗೆ ಹೊರಟಿರುವ ತಾಯಂದಿರೇ, ತಂದೆಯರೇ, ಶುಲ್ಕ ಕಟ್ಟುವ ಮುನ್ನ ಆ ವಿಶ್ವವಿದ್ಯಾಲಯದ ರಜೆಯ ನಿಯಮದ ಪ್ರತಿಯನ್ನು ಕೇಳಿ ಪಡೆದು, ಓದಿ, ಕಡತದಲ್ಲಿ ಇಟ್ಟುಕೊಳ್ಳಿ.

ನಮಸ್ಕಾರ.